ಬರಿಗೈ ಪರೀಕ್ಷೆ

ಮಾರ್ಚ್ ೧೪, ಶುಕ್ರವಾರ

ಪ್ರೀತಿಯ ಅಕ್ಕನಿಗೆ ತಂಗಿಯ ನಮಸ್ಕಾರಗಳು.

ನಿನ್ನ ಕಾಗದ ಬಂದು ಮೂರು ವಾರವಾಯಿತು. ತಡವಾಗಿದ್ದಕ್ಕೆ ಬೈ, ಆದರೆ ಪೂರ್ತಿ ಓದಿದ ಮೇಲೆ ಬೈ. ಮನೆಗೆ ಬಂದರೆ ಭಾವ ಇರುತ್ತಾರೆ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಅಳುತ್ತೇನೆ, ವಿಷಯ ಅಲ್ಲೇ ಉಳಿಯುತ್ತದೆ.

"ನಿಮ್ಮ ಭಾವ ಬಂದವರೇ ಗೋಡೆ ನೋಡ್ತಾ ಕೂತುಬಿಡ್ತಾರೆ. ಒಂದೇ ಫ್ಯಾಕ್ಟರೀಲಿದ್ದೀಯಲ್ಲ, ಏನಾದ್ರೂ ಗೊತ್ತಾ?" ಎಂದು ಕೇಳಿದ್ದೀಯ. ಗೊತ್ತು ಅಕ್ಕ. ಅವರು ಈಗ ಫಿಟ್ಟರ್ ಅಲ್ಲ. ಒಂದು ತಿಂಗಳಿಂದ ಪ್ಯಾಕಿಂಗ್ ವಿಭಾಗದಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುತ್ತಿದ್ದಾರೆ. ನಿನಗೆ ತಿಳಿಯಬಾರದೆಂದು ಸ್ಪ್ಯಾನರ್ ಚೀಲ ಹೊತ್ತುಕೊಂಡೇ ಬರುತ್ತಾರೆ.

ಹೊಸ ಯಂತ್ರ ಜೋಡಿಸುವ ಮೊದಲು ಫಿಟ್ಟರುಗಳು ಅದನ್ನು ಕಂಪ್ಯೂಟರಿನೊಳಗೇ ಜೋಡಿಸಿ ಕಲಿಯಲಿ ಎಂಬುದು ನಮ್ಮ ತರಬೇತಿ ವಿಭಾಗದ ಯೋಜನೆ. ಕಣ್ಣಿಗೆ ದಪ್ಪ ಕನ್ನಡಕದಂಥ ಹೆಡ್‌ಸೆಟ್ ಕಟ್ಟಿಕೊಂಡರೆ ವಾಲ್ವು, ಪೈಪುಗಳು ಎದುರಿಗೇ ತೇಲುತ್ತವೆ. ಅವುಗಳನ್ನು ಎತ್ತಿ, ತಿರುಗಿಸಿ, ಕೂರಿಸಲು ಮೌಸ್ ಸಲೀಸೋ, ಕೈಯಲ್ಲಿ ಹಿಡಿಯುವ ಗುಂಡಿಗಳ ಕಂಟ್ರೋಲರೋ, ಏನೂ ಹಿಡಿಯದ ಬರಿಗೈಯೋ ಎಂದು ಹೋಲಿಸುವುದು ನನ್ನ ಕೆಲಸ. ಹನ್ನೆರಡು ಮಂದಿ ಫಿಟ್ಟರುಗಳನ್ನು ಕರೆದೆ. ಭಾವ ಏಳನೇ ನಂಬರು. "ನಾವು ನೋಡ್ತಿರೋದು ಸಾಧನವನ್ನ, ನಿಮ್ಮನ್ನಲ್ಲ" ಎಂದು ಎಲ್ಲರಿಗೂ ಹೇಳಿದೆ. ಭಾವ ನಕ್ಕು, "ಫೇಲಾದ್ರೆ ನಿಮ್ಮಕ್ಕನಿಗೆ ಹೇಳಬೇಡ ಪುಟ್ಟಿ" ಎಂದರು.

ಮೌಸಿನಲ್ಲಿ ಎಲ್ಲರೂ ತಿಣುಕಾಡಿದರು. ಕಂಟ್ರೋಲರಿನಲ್ಲಿ ಭಾವನೇ ಎಲ್ಲರಿಗಿಂತ ಮುಂದೆ. ಆಮೇಲೆ ಬರಿಗೈ. ಎಡಗೈಯಲ್ಲಿ ಪೈಪು ಹಿಡಿದು, ಬಲಗೈಯ ಹೆಬ್ಬೆರಳು ತೋರುಬೆರಳು ಕೂಡಿಸಿ ವಾಲ್ವು ಎತ್ತಬೇಕು. ಬೆರಳು ಕೂಡಿದ್ದನ್ನು ಹೆಡ್‌ಸೆಟ್ಟಿನ ಕ್ಯಾಮೆರಾ ಗುರುತಿಸುತ್ತದೆ. ಭಾವನ ಆ ತೋರುಬೆರಳು ಪ್ರೆಸ್ ಯಂತ್ರಕ್ಕೆ ಸಿಕ್ಕಿ ಅರ್ಧಕ್ಕೇ ನಿಂತಿದೆ ಎಂದು ನಿನಗೆ ಹೇಳಬೇಕೇ? ಆ ಮೋಟು ಬೆರಳಲ್ಲೇ ಇಪ್ಪತ್ತು ವರ್ಷ ನಟ್ಟು ಬಿಗಿದಿದ್ದಾರೆ. ಕ್ಯಾಮೆರಾದ ಲೆಕ್ಕದಲ್ಲಿ ಅದು ಬೆರಳೇ ಅಲ್ಲ. ವಾಲ್ವು ಕೈಗೆ ಬಂದಂತಾಗುವುದು, ಬಿದ್ದುಹೋಗುವುದು.

ವರದಿಯಲ್ಲಿ ಹೆಸರುಗಳಿರಲಿಲ್ಲ, ನಂಬರುಗಳಷ್ಟೇ. ಮ್ಯಾನೇಜರ್ ಓದಿ, "ಇಷ್ಟು ಸಲ ವಾಲ್ವು ಬೀಳಿಸಿರೋ ಈ ಏಳನೇ ನಂಬರು ಯಾರಮ್ಮಾ? ಹೆಸರಿನ ಪಟ್ಟಿ ಕೊಡಿ, ಫೈಲಿಗಿರಲಿ" ಎಂದರು. ಯಾರಿಗೂ ಕೊಡಬಾರದ ಪಟ್ಟಿ ಅದು. ಆಗುವುದಿಲ್ಲ ಎನ್ನಬಹುದಿತ್ತು. ಕೊಟ್ಟುಬಿಟ್ಟೆ. ಮುಂದಿನ ವಾರವೇ ಭಾವನಿಗೆ ಪ್ಯಾಕಿಂಗ್ ವಿಭಾಗಕ್ಕೆ ಹೋಗಲು ಆದೇಶ ಬಂತು. ಬೆರಳಿನ ವಿಷಯ ನಾನು ಆಮೇಲೆ ಬರೆದುಕೊಟ್ಟರೆ ಮ್ಯಾನೇಜರ್ "ನೋಡೋಣ" ಅಂದರು, ಇನ್ನೂ ನೋಡುತ್ತಿದ್ದಾರೆ.

ಕ್ಯಾಂಟೀನಿನಲ್ಲಿ ಭಾವ ಸಿಕ್ಕಿದರು. ತಲೆ ತಗ್ಗಿಸಿ ನಿಂತೆ. "ನಿನ್ನ ಕೆಲಸ ನೀನು ಮಾಡ್ದೆ, ಬಿಡು. ಊಟ ಆಯ್ತಾ?" ಎಂದರು. ನಾಲ್ಕು ಬಿಟ್ಟಿದ್ದರೆ ಸಮಾಧಾನವಾಗುತ್ತಿತ್ತು.

ಸೋಮವಾರ ಮ್ಯಾನೇಜರಿಗಿಂತ ಮೇಲಿನವರನ್ನು ಕಾಣುತ್ತೇನೆ. ಅಲ್ಲಿಯವರೆಗೆ ಭಾವನನ್ನು ಕೆದಕಬೇಡ, ಅವರಾಗಿಯೇ ಹೇಳಲಿ. ಪಾಪುಗೆ ಚಿಕ್ಕಮ್ಮನ ಮುತ್ತು. ಅವಳು ನೂರು ಕಾಲ ಚೆನ್ನಾಗಿರಲಿ.

ನಿನ್ನ ಬೈಗುಳಕ್ಕೆ ಕಾಯುತ್ತಿರುವ,
ತಂಗಿ

ತಾ.ಕ.: ಲಕೋಟೆ ಅಂಟಿಸಿಯಾಗಿತ್ತು, ಕಿತ್ತು ಬರೆಯುತ್ತಿದ್ದೇನೆ. ತೊಂದರೆ ಬೆರಳಿನದೆಂದು ನನಗೆ ಮೂರನೇ ಸಲಕ್ಕೇ ಗೊತ್ತಾಗಿತ್ತು. ಭಾವನಿಗೂ ಗೊತ್ತಾಗಿತ್ತು. ಹೆಡ್‌ಸೆಟ್ ಕಟ್ಟಿಕೊಂಡೇ ನನ್ನ ದನಿ ಬಂದ ಕಡೆ ತಿರುಗಿ, "ಸಾಕು ಮಾಡ್ಲಾ ಪುಟ್ಟಿ?" ಎಂದು ಕೇಳಿದರು. ಬರಿಗೈ ವಿಧಾನವನ್ನು ನಂಬಬಾರದು ಎಂದು ನಾನು ಮೊದಲಿನಿಂದ ವಾದಿಸುತ್ತಿದ್ದೆ. ಅದನ್ನು ಸಾಧಿಸಲು ಯಾರಾದರೂ ಚೆನ್ನಾಗಿ ಸೋಲಬೇಕಿತ್ತು. "ಇನ್ನೊಂದೇ ಸಲ ಭಾವ" ಎಂದೆ. ಅದಾದ ಮೇಲೆ ಇಪ್ಪತ್ತೊಂದು ಸಲ ಹಾಗೇ ಹೇಳಿ ಮಾಡಿಸಿದೆ ಅಕ್ಕ. ಪ್ರತಿ ಸಲವೂ ನಾನು ಹೇಳಿದೆನೆಂದು ಮಾಡಿದರು.