ತಳದ ಚೀಲದ ತೇವ

ಹಾವೇರಿ
೧೭ ಆಗಸ್ಟ್ ೨೦೦೮

ಪ್ರೀತಿಯ ಜಾಹೀದಾ,

ನೀನೂ ನಿನ್ನ ಅಮ್ಮ ಸಕೀನಾಬಿಯೂ ಚೆನ್ನಾಗಿದ್ದೀರಿ ಎಂದು ಬರೆಯಲು ಕೈ ಬರುತ್ತಿಲ್ಲ. ಚೆನ್ನಾಗಿರಲಿ ಎಂದಷ್ಟೇ ಹಾರೈಸುತ್ತೇನೆ. ಮಾರ್ಚಿನಲ್ಲಿ ನೀನು ಕೇಳಿದ ಅನುಭವಪತ್ರಕ್ಕೆ ಆಗಸ್ಟಿನಲ್ಲಿ ಉತ್ತರ ಕೊಡುತ್ತಿದ್ದೇನೆ. ಕೆಲಸ ಬಹಳವಿತ್ತು ಎಂದರೆ ನೀನು ನಂಬುವವಳಲ್ಲ.

ನನ್ನ ಸುದ್ದಿ ಇಷ್ಟೇ: ಬ್ಯಾಡಗಿಯ ಮೆಣಸಿನಕಾಯಿ ಕಂಪನಿ ಬಿಟ್ಟೆ. ರಾಣೆಬೆನ್ನೂರಿನ ಕಾಲೇಜಿನಲ್ಲಿ ಹನ್ನೊಂದು ವರ್ಷ ಸಂಖ್ಯಾಶಾಸ್ತ್ರ ಕಲಿಸಿ, ‘ಅಂಕಿಅಂಶ ವಿಭಾಗದ ಮುಖ್ಯಸ್ಥೆ’ ಎಂಬ ಫಲಕಕ್ಕೆ ಮರುಳಾಗಿ ಹೋದವಳು, ಐದು ವರ್ಷಕ್ಕೆ ಮತ್ತೆ ಸೀಮೆಸುಣ್ಣ ಹಿಡಿದಿದ್ದೇನೆ. ಇಲ್ಲಿನ ಹುಡುಗಿಯರು ‘ಮೇಡಂ’ ಎನ್ನುತ್ತಾರೆ. ಕಾಲೇಜಿಗೆ ಬಂದ ಮೇಲೂ ಕನ್ನಡ ಶಾಲೆಯವರ ಹಾಗೆ ‘ಅಕ್ಕೋರ’ ಎನ್ನುತ್ತಿದ್ದವಳು ನೀನೊಬ್ಬಳೇ.

ಹೋದ ವರ್ಷದ ಸುಗ್ಗಿಯ ಮಾತನ್ನು ಎತ್ತಲೇಬೇಕು. ಕೋಲ್ಡ್ ಸ್ಟೋರೇಜಿನಲ್ಲಿ ಯಾವ ಮೆಣಸಿನಕಾಯಿ ಎಷ್ಟು ತಿಂಗಳು ಬಾಳುತ್ತದೆಂದು ನನ್ನ ಕಂಪ್ಯೂಟರ್ ಮೊದಲೇ ಹೇಳಬೇಕಿತ್ತು. ಅದಕ್ಕಾಗಿ ಕಂಪನಿಯ ಕೆಲಸಕ್ಕಿದ್ದ ನೀವು ಆರು ಜನ ಚೀಲಗಳ ತೇವ ಅಳೆದು ತಂದಿರಿ. ಐದು ಜನರ ಅಂಕಿ ಹೆಚ್ಚುಕಡಿಮೆ ಒಂದೇ. ನಿನ್ನವು ಮಾತ್ರ ತೀರ ಹೆಚ್ಚು. ಗುಂಪಿಗೆ ಸೇರದ ಅಂಕಿಯನ್ನು ತೆಗೆದುಹಾಕುವುದು ನಮ್ಮ ಸಂಖ್ಯಾಶಾಸ್ತ್ರದವರ ರೂಢಿ. ನಾನು ಅಂಕಿಯ ಜೊತೆ ನಿನ್ನನ್ನೂ ತೆಗೆದೆ. ‘ಮನೆಯಲ್ಲಿ ಕೂತು ಬರೆದಿದ್ದಾಳೆ’ ಎಂದು ವರದಿ ಕೊಟ್ಟೆ. ಸುಳ್ಳು ಬರೆಯುವವಳೆಂದು ಹೆಸರು ಬಿದ್ದ ಮೇಲೆ ಬೇರೆ ಯಾರು ಕೆಲಸ ಕೊಡುತ್ತಾರೆ? ಮೊದಲ ದರ್ಜೆಯಲ್ಲಿ ಬಿ.ಎಸ್ಸಿ. ಮಾಡಿದವಳು ಈಗ ಅಮ್ಮನ ಪಕ್ಕ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದೀಯಂತೆ.

ಆ ಮಳೆಗಾಲದಲ್ಲಿ ಮಾಲು ತೆಗೆದರೆ ತುಂಬ ಬೂಷ್ಟು. ಉಸ್ತುವಾರಿಯ ಗಿರಿಯಪ್ಪನನ್ನು ಕರೆದು ಕೇಳಿದೆ.

“ಸಿಟ್ಟಾಗಬ್ಯಾಡ್ರಿ ಮೇಡಂ,” ಅಂದ. “ಆಳೆತ್ತರ ಒಟ್ಟಿದ ಚೀಲದ ಥಪ್ಪಿ ಯಾರ ಇಳಸ್ತಾರ್ರಿ? ಆ ಐದು ಮಂದಿ ಮ್ಯಾಲಿನ ಚೀಲ ಅಳದು ಉಳಿದಿದ್ದಕ್ಕೂ ಅದನ್ನ ಬರದ್ರು. ಕಾಯಿ ಪುಡಿ ಆಗಬಾರದಂತ ನೀರು ಹೊಡೀತಾರಲ್ರಿ, ಅದು ತಳದಾಗ ಕುಂದ್ರತೈತಿ. ಹಮಾಲರ ಕೈಕಾಲು ಹಿಡದು ತಳದ ಚೀಲ ತಗಸಿದಾಕಿ ಆ ಜಾಹೀದಾ ಒಬ್ಬಾಕೀನ.”

ಕಂಪನಿಯವರು ನನ್ನನ್ನು ಏನೂ ಅನ್ನಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು.

ಅನುಭವಪತ್ರ ಇದರ ಜೊತೆಗಿದೆ. ನಿನ್ನ ಅಂಕಿಗಳೇ ಸರಿ, ನನ್ನ ವರದಿ ತಪ್ಪು ಎಂದು ಸಹಿ ಮಾಡಿದ್ದೇನೆ. ನೀನು ಅರ್ಜಿ ಹಾಕಿದ್ದ ಕೆಲಸಕ್ಕೆ ಹಲಗೇರಿಯ ಶಾಲೆಯವರು ಬೇರೆಯವರನ್ನು ತೆಗೆದುಕೊಂಡರೆಂದು ಕೇಳಿದೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು. ಆದರೂ ಇಟ್ಟುಕೋ, ಇನ್ನೊಂದು ಕಡೆ ಬೇಕಾದೀತು.

ನಿನಗೆ ಒಳ್ಳೆಯದಾಗಲಿ, ತಾಯಿ. ನಿನ್ನ ಓದಿಗೆ ತಕ್ಕ ಜಾಗ ಸಿಗಲಿ.

ನಿನ್ನ,
ಶ್ರೀದೇವಿ

ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲಾರದೆ ಬಿಟ್ಟದ್ದು: ‘ನಿಮಗ ಗೊತ್ತಿರಲಿಲ್ಲ ಅಕ್ಕೋರ, ನಿಮ್ಮದೇನೂ ತಪ್ಪಿಲ್ರಿ’ ಎಂದು ನಿನ್ನ ಕಾಗದದಲ್ಲಿತ್ತು. ಅಂದರೆ ಅಮ್ಮ ನಿನಗೆ ಹೇಳಿಲ್ಲ. ವರದಿ ಕೊಡುವ ಹಿಂದಿನ ದಿನ ಅವರು ತಳದ ಚೀಲದ ಕಾಯಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ನನ್ನ ಆಫೀಸಿಗೆ ಬಂದಿದ್ದರು. “ಮುಟ್ಟಿ ನೋಡ್ರಿ ಬಾಯಾರ, ನನ್ನ ಮಗಳು ಸುಳ್ಳು ಬರಿಯಾಕಿ ಅಲ್ಲ,” ಅಂದರು. ಮುಟ್ಟಿ ನೋಡಿದೆ. ಒದ್ದೆಯಿತ್ತು. ಮತ್ತೆ ಅಳೆಸಿದರೆ ತಿಂಗಳು ತಡವಾಗುತ್ತಿತ್ತು. ಮರುದಿನ ವರದಿ ನೋಡಲು ಕಂಪನಿಯ ಮುಂಬೈ ಸಾಹೇಬರು ಬರುವವರಿದ್ದರು. ನಿನ್ನ ಅಮ್ಮನನ್ನು ಕಳಿಸಿ, ಕೈ ಒರೆಸಿಕೊಂಡು ವರದಿಗೆ ಸಹಿ ಹಾಕಿದೆ.