ಗುಲಾಬಿಯಿಂದ ಕಿತ್ತಳೆಗೆ ಎಂಟು ಸೆಕೆಂಡ್

ಮಾರ್ಚ್ 6, ಶುಕ್ರವಾರ. ಬೆಳಿಗ್ಗೆ 11.20

ಫೇಡ್ ಕೊನೆಗೂ ದಾರಿಗೆ ಬಂತು. ಒಂದು ಬಣ್ಣ ಇನ್ನೊಂದಾಗಬೇಕು, ಆದರೆ ಯಾವಾಗ ಆಯಿತೆಂದು ಕಣ್ಣಿಗೆ ಗೊತ್ತಾಗಬಾರದು. ಮೊದಲು ಕೆಂಪು, ಹಸಿರು, ನೀಲಿ ಮೂರನ್ನೂ ಬೇರೆ ಬೇರೆ ಲೆಕ್ಕ ಹಾಕಿದ್ದೆ. ನಡುವೆ ಪಾತ್ರೆ ತೊಳೆದ ನೀರಿನ ಬಣ್ಣ ಬರುತ್ತಿತ್ತು. ನಿನ್ನೆಯಿಂದ ಬಣ್ಣದ ಚಕ್ರ ಹಿಡಿದಿದ್ದೇನೆ. ಸುತ್ತಲೂ ಎಲ್ಲ ಬಣ್ಣ, ಪ್ರತಿಯೊಂದಕ್ಕೂ ಒಂದು ಡಿಗ್ರಿ, ಸೊನ್ನೆಯಿಂದ 360. ಈ ಡಿಗ್ರಿಯಿಂದ ಆ ಡಿಗ್ರಿಗೆ ಎಂಟು ಸೆಕೆಂಡಿನಲ್ಲಿ ನಡೆದು ಹೋದರಾಯಿತು. ನೀಲಿ 220, ನೇರಳೆ 270. ಓಡಿಸಿದೆ. ಬೆಣ್ಣೆ!

ಓನರ್ ನೋಡಿ ಭೇಷ್ ಎಂದರು. ಹುಟ್ಟುಹಬ್ಬ, ನಿವೃತ್ತಿ, ಶೋಕಸಭೆ — ಯಾರದೇ ಕಾರ್ಯಕ್ರಮವಿರಲಿ, ಹಾಲ್‌ನ ಪರದೆ ನಮ್ಮದು. ಆಫೀಸಿನಲ್ಲಿ ಕೋಡ್ ಬರೆಯುವವಳು ನಾನೊಬ್ಬಳೇ. ಹಾಳೂರಿಗೆ ಉಳಿದವನೇ ಗೌಡ. ಆದರೂ ಸ್ವಲ್ಪ ಜಂಬ ಬಂತು, ಸುಳ್ಳು ಯಾಕೆ ಹೇಳಲಿ.

ಮಾರ್ಚ್ 7, ಶನಿವಾರ. ಸಂಜೆ 5.50, ಬಸ್ಸಿನಲ್ಲಿ

ಹೊರಡುವ ಹೊತ್ತಿಗೆ ಸರಿಯಾಗಿ ಫೋನು. ನಾಳೆ ಯಾರ ಶೋಕಸಭೆಯೋ ಆ ಟೀಚರ್ ಅವರ ಮಗಳು. ಅಮ್ಮನ ಫೋಟೋ ಹಿಂದೆ ನೀಲಿ, ನೇರಳೆ ಬೇಡವಂತೆ. ಗುಲಾಬಿಯಿಂದ ಕಿತ್ತಳೆ ಬೇಕಂತೆ, ಅಮ್ಮನಿಗೆ ಇಷ್ಟವಿತ್ತಂತೆ. ಎರಡು ಸಂಖ್ಯೆ ಬದಲಾಯಿಸಿದೆ. 345, 20. ಸ್ವಿಚ್ಚಣ್ಣನ ಕೈಗೆ ಪೆನ್‌ಡ್ರೈವ್ ಕೊಟ್ಟೆ. ಹತ್ತೊಂಬತ್ತು ವರ್ಷದಿಂದ ಹಾಲ್‌ನಲ್ಲಿ ಪ್ರೊಜೆಕ್ಟರ್, ಲ್ಯಾಪ್‌ಟಾಪ್ ನಡೆಸುವುದೆಲ್ಲ ಅವರೇ.

"ಒಂದ್ಸಲ ಓಡ್ಸಿ ನೋಡಿದ್ರಾ ಮೇಡಂ?"

"ನೋಡಿದೀನಿ. ಬರೀ ಬಣ್ಣ ಬದಲಾಯಿಸಿದ್ರೆ ಏನಾಗುತ್ತೆ?"

ಸ್ವಲ್ಪ ಜೋರಾಗಿಯೇ ಅಂದೆ. ನೋಡಿರಲಿಲ್ಲ. ಬಸ್ಸಿಗೆ ಹತ್ತು ನಿಮಿಷವಿತ್ತು.

ಮಾರ್ಚ್ 8, ಭಾನುವಾರ. ಮಧ್ಯಾಹ್ನ 2.30

ಬರೆಯುವುದಕ್ಕೇ ನಾಚಿಕೆ.

ಒಂದು ನಿಮಿಷದ ಮೌನ. ಇನ್ನೂರು ಜನ ಎದ್ದು ನಿಂತಿದ್ದಾರೆ. ಪರದೆಯ ಮೇಲೆ ಟೀಚರ್ ಫೋಟೋ, ಹಿಂದೆ ಗುಲಾಬಿ. ಕಿತ್ತಳೆಗೆ ಹೋಗಬೇಕು. ನೇರಳೆಗೆ ಹೋಯಿತು. ಆಮೇಲೆ ನೀಲಿ. ಆಮೇಲೆ ಗಿಳಿ ಹಸಿರು, ಹಳದಿ, ಕೊನೆಗೆ ಕಿತ್ತಳೆ. ಮತ್ತೆ ಹಿಂದಕ್ಕೆ ಅದೇ ದಾರಿ. ಪಾಪ, ಸತ್ತವರ ನಗುಮುಖದ ಸುತ್ತ ಎಂಟೆಂಟು ಸೆಕೆಂಡಿಗೆ ಒಂದು ಕಾಮನಬಿಲ್ಲು. ಯಾವುದೋ ಮಗು ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನಲ್ಲಿ ಯಾರೋ ನಗು ತಡೆದು ಕೆಮ್ಮಿದರು.

ನಾನು ಕೊನೆಯ ಸಾಲಿನಲ್ಲಿದ್ದೆ. ನೇರಳೆ ಬಂದಾಗ ಪ್ರೊಜೆಕ್ಟರ್ ಕೆಟ್ಟಿತು ಅಂದುಕೊಂಡೆ. ಹಸಿರು ಬಂದ ಕೂಡಲೇ ಗೊತ್ತಾಯಿತು. ಚಕ್ರದಲ್ಲಿ 345ಕ್ಕೂ 20ಕ್ಕೂ ಪಕ್ಕದ ಮನೆ. 360 ದಾಟಿಬಿಟ್ಟರೆ ಮೂವತ್ತೈದೇ ಹೆಜ್ಜೆ. ಆದರೆ ನನ್ನ ಕೋಡಿಗೆ ಅದು ಚಕ್ರ ಅಂತ ಗೊತ್ತೇ ಇಲ್ಲ. 345ರಿಂದ ಇಳಿಯುತ್ತ ಇಳಿಯುತ್ತ 20ಕ್ಕೆ ಹೋಗಿದೆ. ಕೊಂಕಣ ಸುತ್ತಿ ಮೈಲಾರ.

ಸ್ವಿಚ್ಚಣ್ಣ ಸಿಕ್ಕ ಸಿಕ್ಕ ಕೀ ಒತ್ತಿದರು. ನಿಲ್ಲಲಿಲ್ಲ. ಕೊನೆಗೆ ಕೇಬಲ್ಲನ್ನೇ ಕಿತ್ತರು. ಟೀಚರ್ ಅವರ ಮಗ ನೇರ ಸ್ವಿಚ್ಚಣ್ಣನ ಮುಂದೆ ಬಂದು ನಿಂತ.

"ಸತ್ತಿರೋದು ನಮ್ಮಮ್ಮ ಕಣ್ರೀ. ಡಿಸ್ಕೋ ಹಾಕ್ತೀರಾ?"

ಓನರ್ ಓಡಿ ಬಂದು, "ಬರ್ತ್‌ಡೇ ಫೈಲ್ ಹಾಕಿಬಿಟ್ರಾ?" ಅಂದರು.

"ಇರಬಹುದು ಸರ್... ಏನೋ ಒತ್ತಿಬಿಟ್ಟೆ ಅನ್ಸುತ್ತೆ."

ಸ್ವಿಚ್ಚಣ್ಣ ಇಷ್ಟು ಹೇಳಿ ನನ್ನ ಕಡೆ ನೋಡಿದರು. ಅನುಮಾನದಿಂದಲ್ಲ. ನೀವಾದರೂ ಹೇಳಿ ಏನಾಯಿತು ಅನ್ನುವ ಹಾಗೆ. ನಾನು ಫೋನ್ ತೆಗೆದು ಟೈಮ್ ನೋಡಿದೆ.

ಮಾರ್ಚ್ 9, ಸೋಮವಾರ. ಬೆಳಿಗ್ಗೆ 8.10

ಎಲ್ಲರಿಗಿಂತ ಮೊದಲು ಬಂದೆ. ಎರಡೇ ಸಾಲು. ಎರಡು ಬಣ್ಣದ ನಡುವೆ ಅರ್ಧ ಚಕ್ರಕ್ಕಿಂತ ಹೆಚ್ಚು ದೂರವಿದ್ದರೆ ತಿರುಗಿ ಹತ್ತಿರದ ದಾರಿ ಹಿಡಿ — ಇಷ್ಟೇ. ಓಡಿಸಿದೆ. ಗುಲಾಬಿ ಮೆಲ್ಲಗೆ ಬೆಚ್ಚಗಾಗಿ ಕಿತ್ತಳೆಯಾಯಿತು. ಎಷ್ಟು ಚೆನ್ನಾಗಿತ್ತು... ಹನ್ನೊಂದು ಸಲ ನೋಡಿದೆ. ಬಾಗಿಲ ಸದ್ದಾದಾಗ ಕಳ್ಳಿಯ ಹಾಗೆ ಮುಚ್ಚಿದೆ.

ಮಾರ್ಚ್ 10, ಮಂಗಳವಾರ. ಮಧ್ಯಾಹ್ನ 1.40

ಲ್ಯಾಪ್‌ಟಾಪ್ ಇನ್ನು ರಿಸೆಪ್ಷನ್ ಹುಡುಗಿಗೆ. ಸ್ವಿಚ್ಚಣ್ಣ ಕೇಬಲ್ ಸುತ್ತುವುದು, ಸ್ಟ್ಯಾಂಡ್ ಹೊರುವುದು. ಓನರ್ ಬೈಯಲಿಲ್ಲ, "ವಯಸ್ಸಾಯ್ತಲ್ಲ, ಟೆನ್ಷನ್ ಯಾಕೆ ನಿಮಗೆ" ಅಂದರು. ಬೈದಿದ್ದರೇ ಚೆನ್ನಾಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಎತ್ತು ಎದುರು ಟೇಬಲ್ಲಿನಲ್ಲಿ ಕೂತು ಟೀ ಕುಡಿಯುತ್ತಿತ್ತು.

ಆಮೇಲೆ ಸ್ವಿಚ್ಚಣ್ಣ ನನ್ನ ಹತ್ತಿರ ಬಂದರು. "ನಿಮ್ಮ ಕೆಲಸ ಮಣ್ಣುಪಾಲು ಮಾಡಿಬಿಟ್ಟೆ ಮೇಡಂ. ತಪ್ಪಾಯ್ತು."

"ಬಿಡಿ ಸ್ವಿಚ್ಚಣ್ಣ. ಆಗುತ್ತೆ."

ಕ್ಷಮಿಸಿದೆ! ನಾನು, ಅವರನ್ನು.

ಮಾರ್ಚ್ 19, ಗುರುವಾರ. ಬೆಳಿಗ್ಗೆ

ಒಂಬತ್ತು ದಿನ ಇದನ್ನು ಮುಟ್ಟಲಿಲ್ಲ. ಕೂತರೆ ಬರೆಯಬೇಕಾದ್ದು ಒಂದೇ, ಅದು ಬೇಡ.

ತಿಂಡಿ ತಿನ್ನುವಾಗ ಇವರಿಗೆ ಕಥೆಯ ಹಾಗೆ ಹೇಳಿದೆ — ಆಫೀಸಲ್ಲಿ ಯಾರೋ ಒಬ್ಬಳು, ತನ್ನ ತಪ್ಪು, ಇನ್ನೊಬ್ಬರ ತಲೆಗೆ. ಇವರು ಪೇಪರಿನಿಂದ ಮುಖ ಎತ್ತಲೇ ಇಲ್ಲ. "ಅಂಥೋರ ಜೊತೆ ಹುಷಾರಾಗಿರು."

"ಪಾಪ, ಭಯಪಟ್ಟಿರ್ತಾಳೆ."

"ನೀನ್ಯಾಕೆ ಅವಳ ಪರ ವಕಾಲತ್ತು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗಾಯಿತು. ಎದ್ದು ಹೋಗಿ ತೊಳೆದ ತಟ್ಟೆಯನ್ನೇ ಮತ್ತೆ ತೊಳೆದೆ.

ಮಾರ್ಚ್ 20

ಇವತ್ತು ಹೇಳುತ್ತೇನೆ.

ಸಂಜೆ: ಹೇಳಲಿಲ್ಲ. ಸ್ವಿಚ್ಚಣ್ಣ ರಜೆ.

ಏಪ್ರಿಲ್ 2, ಗುರುವಾರ. ಮಧ್ಯಾಹ್ನ 2.15

ರಜೆ ಯಾಕೆಂದು ಇವತ್ತು ಗೊತ್ತಾಯಿತು. ಸ್ವಿಚ್ಚಣ್ಣ ಮೆಟ್ಟಿಲ ಮೇಲೆ ಕೂತು ಊಟದ ಡಬ್ಬಿ ತೆರೆಯುತ್ತಿದ್ದರು. ಜೇಬಿನಲ್ಲಿ ಚೀಟಿ — ಗ್ಯಾಸ್, ಬೀಗ, ಮಾತ್ರೆ, ಫ್ಯಾನ್. ನಾನು ನೋಡಿದ್ದು ನೋಡಿ ತಾವೇ ಹೇಳಿದರು.

"ಮರೆವಿನ ಡಾಕ್ಟರ್ ಹತ್ರ ಹೋಗಿದ್ದೆ ಮೇಡಂ. ನೂರರಿಂದ ಏಳೇಳು ಕಳೀತಾ ಬನ್ನಿ ಅಂದ್ರು. ಹೆದರಿಕೇಲಿ ಎಂಬತ್ತಾರಕ್ಕೇ ನಿಂತೋಯ್ತು. ನಮ್ಮಣ್ಣಂಗೂ ಹೀಗೇ ಶುರುವಾಗಿದ್ದು. ಕೊನೆಗೆ ನನ್ನನ್ನೇ ಯಾರಪ್ಪಾ ನೀನು ಅಂತಿದ್ದ."

"ಒಂದು ಸಲ ತಪ್ಪಾಗಿದ್ದಕ್ಕೆ ಹಾಗೆಲ್ಲ..."

"ಒತ್ತಿದ್ದೇ ನೆನಪಿಲ್ಲ ನೋಡಿ! ಏನೋ ಒತ್ತಿದೀನಿ, ಏನೊತ್ತಿದೆ ಅಂತ ನೆನಪಿಲ್ಲ. ಅದೇ ಭಯ. ಮೊಮ್ಮಗಳನ್ನ ಸ್ಕೂಲಿಂದ ಕರ್ಕೊಂಡು ಬರೋದು ಬೇಡ ಅಂದಿದಾಳೆ ಸೊಸೆ. ಅವಳದೂ ತಪ್ಪಿಲ್ಲ, ರಸ್ತೆ ದಾಟ್ಬೇಕಲ್ಲ. ಕೂಸು ಮಾತ್ರ ತಾತ ಬರಲಿ ಅಂತ ಅಳುತ್ತಂತೆ."

ನೆನಪಿಲ್ಲ, ಯಾಕೆಂದರೆ ಒತ್ತಿಯೇ ಇಲ್ಲ. ಅದು ಗೊತ್ತಿರುವುದು ಪ್ರಪಂಚದಲ್ಲಿ ನನಗೊಬ್ಬಳಿಗೇ. ನನ್ನ ಡಬ್ಬಿ ಮುಚ್ಚಿದೆ.

ಏಪ್ರಿಲ್ 4, ಶನಿವಾರ. ಮಧ್ಯಾಹ್ನ 1.30

ಹೇಳಿದೆ. ಅದೇ ಮೆಟ್ಟಿಲ ಮೇಲೆ, ಒಂದೇ ಉಸಿರಿಗೆ. ಆವತ್ತಿನದು ನಿಮ್ಮ ತಪ್ಪಲ್ಲ, ನನ್ನ ಕೋಡ್ ತಪ್ಪು, ನಾನು ಓಡಿಸಿ ನೋಡಿರಲಿಲ್ಲ.



"ಅಂದ್ರೆ ನಾನು ಏನೂ ಒತ್ತಿಲ್ವಾ?"

"ಇಲ್ಲ."

"ಹಾಕಿದ್ದು ಸರಿಯಾದ ಫೈಲೇನಾ?"

"ಸರಿಯಾದದ್ದೇ."

ಬೈಯುತ್ತಾರೆಂದು ಕಾದೆ. ನಕ್ಕರು. ನಗುತ್ತ ನಗುತ್ತ ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಂಡರು. "ನನ್ನ ತಲೆ ನೆಟ್ಟಗಿದೆ! ನೆಟ್ಟಗಿದೆ ಮೇಡಂ!" ಮೇಲಿನ ಮಹಡಿಯವರು ಬಗ್ಗಿ ನೋಡಿದರು. ಆಮೇಲೆ, ಸುಮ್ಮನೆ, ಮಾತಿಗೆ ಮಾತು ಅನ್ನುವ ಹಾಗೆ, "ಯಾವಾಗ ಗೊತ್ತಾಯ್ತು ಇದು?" ಅಂದರು.

"ನಿನ್ನೆ."

ಬಾಯಿ ತಾನಾಗಿಯೇ ಹೇಳಿತು. ನಾನು ಯೋಚಿಸಿಯೂ ಇರಲಿಲ್ಲ.

"ಗೊತ್ತಾದ ತಕ್ಷಣ ಬಂದು ಹೇಳಿದ್ರಲ್ಲ. ಬೇರೆಯವರಾಗಿದ್ರೆ ಮುಚ್ಚಿ ಹಾಕ್ತಿದ್ರು."

ಏಪ್ರಿಲ್ 6, ಸೋಮವಾರ. ಸಂಜೆ

ಸ್ವಿಚ್ಚಣ್ಣ ಊರಿಗೆಲ್ಲ ಸಾರಿದ್ದಾರೆ. ಓನರ್ ಎಲ್ಲರ ಮುಂದೆ ನನ್ನನ್ನು ನಿಲ್ಲಿಸಿ, ತಪ್ಪು ಒಪ್ಪಿಕೊಳ್ಳುವುದಕ್ಕೆ ಗುಂಡಿಗೆ ಬೇಕು, ಇವರನ್ನು ನೋಡಿ ಕಲೀರಿ ಅಂದರು. ಚಪ್ಪಾಳೆ. ಲ್ಯಾಪ್‌ಟಾಪ್ ಮರಳಿ ಸ್ವಿಚ್ಚಣ್ಣನಿಗೆ. ಅವರ ಹೆಂಡತಿ ಫೋನಿನಲ್ಲಿ, "ತಾಯಿ, ನಮ್ಮನೆಯವರನ್ನ ಉಳಿಸಿಕೊಟ್ರಿ" ಅಂದು ಅತ್ತರು. ಹೂಂ, ಹೂಂ ಅಂದೆ. ಮೊದಲು ಒಂದು ಸುಳ್ಳಿತ್ತು, ಮುದುಡಿ ಮೂಲೆಯಲ್ಲಿ ಕೂತಿತ್ತು. ಈಗಿನದಕ್ಕೆ ಹಾರ ಹಾಕಿದ್ದಾರೆ.

ಇಪ್ಪತ್ತೇಳು ದಿನ. ಆ ಇಪ್ಪತ್ತೇಳು ದಿನವೂ ಅವರು ಅಣ್ಣನ ಹಾಗಾಗುತ್ತೇನೆಂದು ಹೆದರಿ ಮಲಗಿದ್ದಾರೆ. ಇನ್ನು ಸಾಕು, ಮುಗಿಯಿತಲ್ಲ, ಎಲ್ಲರಿಗೂ ಒಳ್ಳೆಯದೇ ಆಯಿತಲ್ಲ ಅಂತ ನನಗೆ ನಾನೇ ಹೇಳಿಕೊಳ್ಳುತ್ತೇನೆ. ನಂಬಿಕೆ ಬರುವುದಿಲ್ಲ.

ಏಪ್ರಿಲ್ 8, ಬುಧವಾರ. ಸಂಜೆ 5.05, ಆಫೀಸ್

ಎಲ್ಲರೂ ಹೋದರು. ಇನ್ನೂ ಟೇಬಲ್ಲಿನಲ್ಲೇ ಇದ್ದೇನೆ. ಈಗಲೇ ಬರೆಯದಿದ್ದರೆ ನಾಳೆ ಬೇರೆ ಥರ ಬರೆದುಬಿಡುತ್ತೇನೆ.

ನಾಲ್ಕಕ್ಕೆ ಸ್ವಿಚ್ಚಣ್ಣ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. "ಆ ಕುಣಿತ ಹೆಂಗಾಯ್ತು, ನನಗೂ ಹೇಳಿಕೊಡಿ." ಕಾಗದದ ಮೇಲೆ ಚಕ್ರ ಬರೆದು ತೋರಿಸಿದೆ. ಬೆರಳಿಟ್ಟು ಸುತ್ತಿದರು. "ಪಕ್ಕದ ಬಾಗಿಲಿಗೆ ಹೋಗಕ್ಕೆ ಇಡೀ ಬೀದಿ ಸುತ್ತಿದೆ ಅನ್ನಿ!" ಕಾಲೇಜಿನಲ್ಲಿ ನನ್ನ ಕ್ಲಾಸಿನವರು ಯಾರೂ ಇಷ್ಟು ಬೇಗ ಹಿಡಿದಿರಲಿಲ್ಲ. ಇಬ್ಬರೂ ನಕ್ಕೆವು. ಒಂದು ಗಳಿಗೆ ಎಲ್ಲ ಮರೆತೇ ಹೋಗಿತ್ತು.

ಫೋಲ್ಡರ್ ತೆರೆದೆ. ಟೀಚರ್ ಫೈಲ್ ಎರಡು, ಒಂದರ ಕೆಳಗೊಂದು.

"ಇದು ಕುಣಿದಿದ್ದು. ಇದು ನೀವು ಸರಿ ಮಾಡಿದ್ದು?"

"ಹೂಂ."

"ಪಕ್ಕದಲ್ಲಿರೋದು ಸರಿ ಮಾಡಿದ ತಾರೀಕಾ?"

"ಹೂಂ."

ಚೀಟಿ ತೆಗೆದರು, ಪೆನ್ನು ತೆಗೆದರು. "ನಾಳೆ ಡಾಕ್ಟ್ರಿಗೆ ಎಲ್ಲ ಒಪ್ಪಿಸ್ಬೇಕು. ಕನ್ನಡಕ ಮೇಲಿಟ್ಟು ಬಂದೆ. ಸ್ವಲ್ಪ ಓದಿ ಹೇಳಿ, ಬರ್ಕೋತೀನಿ."

ಏಪ್ರಿಲ್ ಮೂರು ಅಂದಿದ್ದರೆ ಏಪ್ರಿಲ್ ಮೂರೇ ಬರೆದುಕೊಳ್ಳುತ್ತಿದ್ದರು. ಎಷ್ಟು ಸುಲಭವಿತ್ತು. ನಾಲಿಗೆಯ ತುದಿಯವರೆಗೆ ಬಂದಿತ್ತು ಕೂಡ.

"ಮಾರ್ಚ್ ಒಂಬತ್ತು."

"ಮಾರ್ಚ್..." ಅನ್ನುತ್ತ ದುಂಡಗೆ ಬರೆದರು. ಒಂಬತ್ತು ಬರೆಯುವ ಮೊದಲು ಪೆನ್ನು ನಿಂತಿತು. ಬೆರಳು ಮಡಚಿ ಎಣಿಸಿದರು. ಆಮೇಲೆ ತಲೆ ಎತ್ತಿ ನನ್ನನ್ನೇ ನೋಡುತ್ತ ಕೇಳಿದರು,

"ಹಾಗಾದ್ರೆ ನಾನು ನಿಮ್ಮ ಹತ್ರ ಬಂದು ತಪ್ಪಾಯ್ತು ಅಂದಾಗ ನೀವು ಎಲ್ಲ ಗೊತ್ತಿದ್ದೇ 'ಬಿಡಿ, ಆಗುತ್ತೆ' ಅಂದ್ರಾ?"