ಏಳನೆಯ ಹೆಸರಿನ ಕೆಂಡ

ಫೋರ್ಟ್ ವ್ಯಾಲಿ, ಜಾರ್ಜಿಯಾ
ಆಗಸ್ಟ್ 18, ಸೋಮವಾರ ಬೆಳಗ್ಗೆ

ಪ್ರೀತಿಯ ಓಥಾ ಅಣ್ಣಾ,

ಹೇಗಿದ್ದೀಯ? ಲಕ್ವ ಹೊಡೆದ ಬಲಗಾಲು ಈಗ ನೆಲಕ್ಕೆ ಸರಿಯಾಗಿ ಊರುತ್ತಿದೆಯೇ? ಊಟ ಸೇರುತ್ತಿದೆಯೇ? ರಕ್ತದೊತ್ತಡದ ಗುಳಿಗೆಯನ್ನು ನುಂಗುತ್ತಿದ್ದೀಯೋ, ಇಲ್ಲ ಮಗಳು ಕಾರ್ಲೀನಳ ಹೂಕುಂಡಕ್ಕೆ ಹಾಕುತ್ತಿದ್ದೀಯೋ? ವ್ಯಾಯಾಮ ಮಾಡಿಸಲು ಬರುವ ಹುಡುಗಿಯನ್ನು ಗದರಿಸಿ ಅಳಿಸಿದೆಯಂತೆ, ಕಾರ್ಲೀನಳೇ ಹೇಳಿದಳು. ಎಪ್ಪತ್ತಮೂರು ವರ್ಷದ ಮನುಷ್ಯ ಮಾಡುವ ಕೆಲಸವೇ ಅದು? ಬಲಗೈ ಹೇಗಿದೆ ಎಂದು ಮಾತ್ರ ನಾನು ಕೇಳುವುದಿಲ್ಲ. ಕೇಳಿದಾಗಲೆಲ್ಲ ನೀನು ಫೋನ್ ಇಟ್ಟುಬಿಡುತ್ತೀಯ, ಅದಕ್ಕೇ ಈ ಕಾಗದ. ಕೊನೆಯ ಸಾಲಿನವರೆಗೂ ಓದಿ ಹೇಳಬೇಕೆಂದು ಕಾರ್ಲೀನಳಿಗೆ ತಾಕೀತು ಮಾಡಿದ್ದೇನೆ. ಕನ್ನಡಕ ಸಿಗಲಿಲ್ಲ ಎಂಬ ನಿನ್ನ ನೆವ ಈ ಸಲ ನಡೆಯುವುದಿಲ್ಲ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಯೂಲಾ ಚಿಕ್ಕಮ್ಮನಿಗೆ ತೊಂಬತ್ತೊಂದು ತುಂಬಿತು. ಕಿವಿ ಕೇಳುವುದಿಲ್ಲ ಅನ್ನುತ್ತಾಳೆ, ಆದರೆ ಅಡುಗೆಮನೆಯಲ್ಲಿ ಯಾರಾದರೂ ಅವಳ ಬಗ್ಗೆ ಪಿಸುಗುಟ್ಟಿದರೆ ವರಾಂಡದಿಂದಲೇ ಉತ್ತರ ಬರುತ್ತದೆ. ಸೆಕೆ ಇನ್ನೂ ಇಳಿದಿಲ್ಲ, ನೊರಜು ಮುಖ ಬಿಟ್ಟು ಹೋಗುತ್ತಿಲ್ಲ. ಪೀಚ್ ಕೊಯ್ಲು ಮುಗಿಯಿತು. ಕಡೆಯ ಸಾಲಿನ ಮರಗಳ ಹಣ್ಣನ್ನು ತೋಟದವನು ಎಂದಿನಂತೆ ನಮಗೆಂದು ಎರಡು ಬುಟ್ಟಿ ತೆಗೆದಿಟ್ಟಿದ್ದ. "ಓಥಾ ಬಂದ್ನಾ?" ಅಂತ ಕೇಳಿದ. ಇಲ್ಲ ಎಂದೆ. ಅವನು ಬುಟ್ಟಿಯ ಮೇಲೆ ಇನ್ನೂ ನಾಲ್ಕು ಹಣ್ಣು ಇಟ್ಟ.

ಮೊನ್ನೆ ಶನಿವಾರ ಇಲ್ಲಿ ನಿನ್ನ ಮನೆಯ ಹಿತ್ತಲಿನಲ್ಲೇ ಎಲ್ಲರೂ ಸೇರಿದೆವು, ಮೂವತ್ತು ಜನ ಆಗಿದ್ದೆವು. ಪೆಕಾನ್ ಮರದ ಕೆಳಗೆ ಮೇಜು, ಇಸ್ಪೀಟು, ಕೂಗಾಟ ಎಲ್ಲವೂ ಇತ್ತು. ಆಲೂಗಡ್ಡೆ ಸಲಾಡನ್ನು ಹೊಸ ಸೊಸೆಯೊಬ್ಬಳು ಮಾಡಿ ತಂದಿದ್ದಳು. ಅದರಲ್ಲಿ ನಮ್ಮವರು ಯಾರೂ ಹಾಕದ ಒಣದ್ರಾಕ್ಷಿ ಕಂಡವರೆಲ್ಲ ತಮಗೆ ಹೊಟ್ಟೆ ತುಂಬಿದೆ ಅಂದುಬಿಟ್ಟರು, ಪಾಪ. ನೀನು ಕಬ್ಬಿಣದ ಡ್ರಮ್ಮನ್ನು ಉದ್ದಕ್ಕೆ ಸೀಳಿ, ಕಾಲು ಬೆಸೆದು ಮಾಡಿದ ಒಲೆಯನ್ನು ನಿನ್ನ ಮಗ ಡಾರ್ಸಿ ಬೆಳಗ್ಗೆಯೇ ಉಜ್ಜಿ ಹೊತ್ತಿಸಿದ. ನೀನು ಕಾರ್ಲೀನಳ ಕೈಲಿ ಹೇಳಿಕಳಿಸಿದ ಮಾತನ್ನು ನಾನು ಅವನಿಗೆ ಒಪ್ಪಿಸಿದೆ: "ಇಕ್ಕಳ ಡಾರ್ಸಿಗೆ ಕೊಟ್ಬಿಡು. ನಾನಿನ್ನು ಬರಲ್ಲ. ಮೂಲೇಲಿ ಕೂರ್ಸಿ ತೊಡೆ ಮೇಲೆ ತಟ್ಟೆ ಇಡೋಕೆ ನಾನೇನು ಯೂಲಾ ಚಿಕ್ಕಮ್ಮನಾ?" ಈ ಮಾತನ್ನು ಹೇಳುವಾಗ ನನಗೆ ನಿನ್ನ ಮೇಲೆ ಬಹಳ ಸಿಟ್ಟು ಬಂದಿತ್ತು. ನಲವತ್ತು ವರ್ಷ ಬೇರೆ ಯಾರಿಗೂ ಮುಟ್ಟಲು ಬಿಡದ ಇಕ್ಕಳವನ್ನು ಹಳೆ ಚಪ್ಪಲಿ ದಾನ ಮಾಡಿದಂತೆ ಕೊಟ್ಟುಬಿಡುವುದೇ? ಡಾರ್ಸಿ ಅದನ್ನು ಕೈಗೆ ತೆಗೆದುಕೊಂಡ, ಹಿಡಿಯನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದ, ಮತ್ತೆ ಮೊಳೆಗೇ ತೂಗುಹಾಕಿದ. "ಅಪ್ಪ ಬದುಕಿರೋವಾಗ ಇದನ್ನ ಮುಟ್ಟಿದ್ರೆ ಕೈ ಬಿದ್ಹೋಗುತ್ತೆ ಅತ್ತೆ," ಅಂದ. ಅಂದ ಮೇಲೆ ತಾನಾಡಿದ ಮಾತಿಗೆ ತಾನೇ ಬೆಚ್ಚಿ, ಕಾರಿನಿಂದ ತನ್ನ ಹೊಸ ಇಕ್ಕಳ ತರುತ್ತೇನೆಂದು ಹೋಗಿ ಬಹಳ ಹೊತ್ತು ಬರಲಿಲ್ಲ.

ಮಾಂಸವನ್ನೆಲ್ಲ ಅವನು ಚೆನ್ನಾಗಿಯೇ ಸುಟ್ಟ, ಸುಳ್ಳು ಹೇಳುವುದಿಲ್ಲ. ಆದರೆ ನೀನು ಕೊನೆಗೆ ಕೆಂಡದ ಮೇಲೆ ಸುಡುತ್ತಿದ್ದ ಪೀಚ್ ಮಾಡಲು ಯಾರೂ ಮುಂದೆ ಬರಲಿಲ್ಲ. ಒಲೆಯ ಮುಂದೆ ಎಲ್ಲರೂ ಸುಳಿದಾಡುತ್ತಾರೆ, ಬುಟ್ಟಿಯ ಕಡೆ ನೋಡುತ್ತಾರೆ, ಮತ್ತೆ ಇಸ್ಪೀಟಿಗೆ ಹೋಗಿ ಕೂರುತ್ತಾರೆ. ಕೊನೆಗೆ ನಾನೇ ಎದ್ದೆ. ಹಿಟ್ಟಿನ ಹೊದಿಕೆ ಹಾಕಿ ಬೇಯಿಸುವ ಪೀಚ್ ಕಾಬ್ಲರನ್ನು ಐವತ್ತು ವರ್ಷ ಮಾಡಿದವಳು, ಶಾಲೆಯ ಅಡುಗೆಮನೆಯಲ್ಲಿ ಒಂದೊಂದು ಸಲಕ್ಕೆ ನಾನ್ನೂರು ಮಕ್ಕಳಿಗೆ ಬಡಿಸಿದವಳು, ನನಗೆ ಪೀಚ್ ಹೊಸದೇ? ಆ ಗರ್ವದಲ್ಲೇ ನಾನು ಕೆಟ್ಟೆ, ಅಣ್ಣಾ. ಕಾಬ್ಲರಿಗೆ ಮಾಡುವ ಹಾಗೆ ಬೆಳಗ್ಗೆಯೇ ಒಂದು ಬುಟ್ಟಿ ಹಣ್ಣನ್ನು ಬಿಸಿನೀರಿಗೆ ಹಾಕಿ, ಸಿಪ್ಪೆ ಸುಲಿದು, ಸಕ್ಕರೆಯಲ್ಲಿ ಹೊರಳಿಸಿ ಇಟ್ಟಿದ್ದೆ. ಕೈಗೆ ಅದೊಂದೇ ಗೊತ್ತು. ನಲವತ್ತು ವರ್ಷ ನಿನ್ನ ಕೈಯ ಪೀಚನ್ನು ಸಿಪ್ಪೆಸಮೇತ ತಿಂದವಳು ನಾನೇ, ಆದರೂ ಅದು ತಲೆಗೆ ಹೊಳೆಯಲಿಲ್ಲ ನೋಡು. ಮಧ್ಯಾಹ್ನದ ಹೊತ್ತಿಗೆ ಅವೆಲ್ಲ ನೀರೊಡೆದು ಮೆತ್ತಗಾಗಿದ್ದವು. ಸಾಲದ್ದಕ್ಕೆ ಕೆಂಡವೂ ಹದಕ್ಕೆ ಬಂದಿರಲಿಲ್ಲ. ಅಮ್ಮ ಮಾಡುತ್ತಿದ್ದ ಹಾಗೆ, ನೀನು ಮಾಡುವ ಹಾಗೆ, ಅಂಗೈಯನ್ನು ಕೆಂಡದ ಮೇಲೆ ಹಿಡಿದು ನಮ್ಮೇಳು ಜನ ಒಡಹುಟ್ಟಿದವರ ಹೆಸರನ್ನು ಹುಟ್ಟಿದ ಕ್ರಮದಲ್ಲಿ ಹೇಳತೊಡಗಿದೆ: ಹೊಸಿಯಾ, ಲುಸಿಂಡಾ, ರೂಫಸ್. ಪರ್ಲಿಯ ಹೆಸರಿಗೇ ಕೈ ಕಾವು ತಡೆಯದೆ ಹಿಂದಕ್ಕೆ ಬಂತು. ಅದು ಮಾಂಸದ ಹದ, ಪೀಚಿಗಾದರೆ ಕೈ ಏಳನೆಯ ಹೆಸರಿನ ತನಕ ತಡೆಯಬೇಕು, ನನಗೆ ಗೊತ್ತಿತ್ತು. ಆದರೂ ಎಲ್ಲರೂ ಕಾಯುತ್ತಿದ್ದಾರೆಂದು ಜಾಲರಿಯ ತುಂಬ ಸುರಿದುಬಿಟ್ಟೆ. ಎರಡು ನಿಮಿಷವೂ ಆಗಿರಲಿಲ್ಲ, ಹೋಳುಗಳೆಲ್ಲ ಕುಸಿದು ಕಂಬಿಗಳ ನಡುವಿನಿಂದ ಕೆಂಡಕ್ಕೆ ಇಳಿದವು, ಸಕ್ಕರೆ ಹೊತ್ತಿಕೊಂಡು ಜ್ವಾಲೆ ನನ್ನ ಹುಬ್ಬಿನ ತನಕ ಎದ್ದಿತು. "ಏನೇ ವರ್ಡೆಲ್, ಬೆಂಕಿಗೆ ಊಟ ಹಾಕ್ತಿದೀಯಾ? ನಮಗೂ ಒಂಚೂರು ಉಳ್ಸೇ," ಎಂದು ಯೂಲಾ ಚಿಕ್ಕಮ್ಮ ಕುರ್ಚಿಯಿಂದಲೇ ಕೂಗಿದಳು. ಹಿತ್ತಲಿಗೆ ಹಿತ್ತಲೇ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಬಲಗೈ ಸುಟ್ಟಿತು ಅಂದೆ, ಡಾರ್ಸಿ ಓಡಿ ಬಂದು ಒದ್ದೆ ಬಟ್ಟೆ ಸುತ್ತಿದ. ಗಾಬರಿಯಾಗಬೇಡ, ನಾನು ಚೆನ್ನಾಗಿದ್ದೇನೆ.

ಇನ್ನೊಂದು ಬುಟ್ಟಿ ಉಳಿದಿತ್ತಲ್ಲ. "ಬಿಡಿ ಅತ್ತೆ, ಐಸ್ ಕ್ರೀಮ್ ಇದ್ಯಲ್ಲ, ಸಾಕು," ಎಂದು ಡಾರ್ಸಿ ಅಂದ. ಸಾಕು ಅನ್ನುವ ಮಾತು ನನಗೆ ಸರಿಬರಲಿಲ್ಲ. ಮಂಡಿ ನೋವೆಂದು ಹೇಳಿ ವರಾಂಡದಿಂದ ಎತ್ತರದ ಸ್ಟೂಲ್ ತರಿಸಿಕೊಂಡು ಒಲೆಯ ಮುಂದೆ ಕೂತೆ. ಈ ಸಲ ಡಾರ್ಸಿಯ ಕೈಲಿ ಹಣ್ಣನ್ನು ಸಿಪ್ಪೆಸಮೇತ ಎರಡು ಹೋಳು ಮಾಡಿಸಿ, ಓಟೆ ತೆಗೆಸಿ, ಕತ್ತರಿಸಿದ ಮುಖಕ್ಕೆ ಬೆಣ್ಣೆಯನ್ನಷ್ಟೇ ಸವರಿದೆ. ಆಮೇಲೆ ಕಾದೆ. ಕೆಂಡದ ಮೇಲೆ ಬೂದಿ ಕಟ್ಟುವವರೆಗೆ ಕಾಯುವುದು ಎಷ್ಟು ಕಷ್ಟ ಅಣ್ಣಾ, ನೀನು ಅದನ್ನು ಯಾವತ್ತೂ ಹೇಳಲಿಲ್ಲ. ಮತ್ತೆ ಅಂಗೈ ಹಿಡಿದು ನಿಧಾನವಾಗಿ ಹೆಸರು ಹೇಳಿದೆ. ಹೊಸಿಯಾ, ಲುಸಿಂಡಾ, ರೂಫಸ್, ಪರ್ಲಿ, ಓಥಾ, ನೆಟ್ಟಿ. ಚಿಕ್ಕವಳಿದ್ದಾಗ ನನ್ನ ಹೆಸರು ಕೊನೆಗೆ ಬರುತ್ತದೆಂದು ಅಳುತ್ತಿದ್ದೆ. ಆಗ ಅಮ್ಮ, "ನಿನ್ನ ಹೆಸ್ರು ಬರೋ ತನಕ ಯಾರಿಗೂ ಸಿಹಿ ಇಲ್ಲ ಕಣೇ," ಅನ್ನುತ್ತಿದ್ದಳು. ಶನಿವಾರ ಕೈ ನನ್ನ ಹೆಸರಿನವರೆಗೂ ತಡೆಯಿತು. ಆದರೆ ಏಳು ಹೆಸರು ಹೇಳಿ ಮುಗಿಸಿದಾಗ, ಕರೆದರೆ ಓಗೊಡುವವರು ಇಬ್ಬರೇ ಉಳಿದಿದ್ದೇವೆ ಎಂಬುದು ನೆನಪಾಯಿತು. ನಮ್ಮಲ್ಲೊಬ್ಬ ಅಟ್ಲಾಂಟದ ಮಗಳ ಮನೆಯಲ್ಲಿ ಕಿಟಕಿಯ ಪರದೆ ಎಳೆದುಕೊಂಡು ಕೂತಿದ್ದಾನೆ. ಹೊಗೆಯ ನೆಪ ಮಾಡಿ ಕಣ್ಣೊರೆಸಿಕೊಂಡೆ.

ಹೋಳುಗಳನ್ನು ಮೊದಲು ಮುಖ ಕೆಳಗಾಗಿ ಇಟ್ಟು, ಕಂಬಿಯ ಬರೆ ಬಿದ್ದ ಮೇಲೆ ಮಗುಚಿದೆ. ಆಗ ಗೊತ್ತಾಯಿತು, ಸಿಪ್ಪೆಯೇ ಬಟ್ಟಲು. ಓಟೆಯಿದ್ದ ಗುಳಿಗೆ ಕಬ್ಬಿನ ಪಾಕ ಹಾಕಿ, ಮೇಲೆ ಜಾಯಿಕಾಯಿ ಪುಡಿ ಉದುರಿಸಿದೆ. ಪಾಕ ಅಲ್ಲೇ ಕುದಿಯಿತು, ಒಂದು ತೊಟ್ಟೂ ಕೆಳಗೆ ಹೋಗಲಿಲ್ಲ. ಮೊದಲ ಹೋಳನ್ನು ಯೂಲಾ ಚಿಕ್ಕಮ್ಮನಿಗೆ ಕೊಟ್ಟೆ. ಕಣ್ಣು ಮುಚ್ಚಿಕೊಂಡು ತಿಂದಳು, ಚಮಚ ನೆಕ್ಕಿದಳು. "ಕೆಂಡ ಓಥಾಂದೇ. ಕೈ ಅವನ್ದಲ್ಲ. ಎಲ್ಲಿ ಆ ಹುಡ್ಗ?" ಎಂದು ಕೇಳಿದಳು. ಅವನಿಗೆ ಮೈ ಸರಿಯಿಲ್ಲ ಚಿಕ್ಕಮ್ಮ, ನಿನಗೆ ಗೊತ್ತಲ್ಲ ಎಂದೆ. "ಮೈ ಸರಿಯಿಲ್ದೇ ಇರೋರು ಬರಬಾರ್ದು ಅಂದ್ರೆ ನಾನು ಹತ್ತು ವರ್ಷದಿಂದ ಯಾಕ್ ಬರ್ತಿದೀನಿ?" ಅಂದಳು. ಅದಕ್ಕೆ ನಿನ್ನ ಹತ್ತಿರ ಉತ್ತರ ಇದ್ದರೆ ಅವಳಿಗೇ ಹೇಳು. ಮೂಲೆಯಲ್ಲಿ ಕೂರುವವಳು ಎಂದು ಅವಳನ್ನು ಆಡಿಕೊಂಡೆಯಲ್ಲ, ಆ ಮೂಲೆಯಿಂದಲೇ ಅವಳು ಹಿತ್ತಲನ್ನೆಲ್ಲ ಆಳುತ್ತಾಳೆ.

ಡಾರ್ಸಿ ತನ್ನ ಪಾಲಿನದನ್ನು ಒಲೆಯ ಪಕ್ಕ ನಿಂತೇ ತಿಂದ, ನೀನು ನಿಲ್ಲುತ್ತಿದ್ದ ಜಾಗದಲ್ಲಲ್ಲ, ಒಂದು ಹೆಜ್ಜೆ ಆಚೆ. ಆ ಜಾಗದಲ್ಲಿ ಹುಲ್ಲು ಇನ್ನೂ ಹುಟ್ಟಿಲ್ಲ. ನೀನಿಲ್ಲದೆ ನನಗೆ ಬೇಸರವಾಯಿತು ಅಣ್ಣಾ, ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಊಟ ಚೆನ್ನಾಗಿತ್ತು, ನಗು ಇತ್ತು, ಆದರೂ ಬೇಸರವಾಯಿತು.

ಕಾರ್ಲೀನಳಿಗೂ ಅವಳ ಗಂಡನಿಗೂ ನನ್ನ ಪ್ರೀತಿ ತಿಳಿಸು. ಆ ವ್ಯಾಯಾಮದ ಹುಡುಗಿಯ ಹತ್ತಿರ ತಪ್ಪಾಯಿತು ಅನ್ನು. ಯೂಲಾ ಚಿಕ್ಕಮ್ಮ ಆಶೀರ್ವಾದ ಕಳಿಸಿದ್ದಾಳೆ, ಜೊತೆಗೆ ಒಂದು ಬೈಗುಳವನ್ನೂ. ಬೈಗುಳವನ್ನು ನಾನು ಬರೆಯಲಾರೆ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಕೊನೆಯ ತಂಗಿ,
ವರ್ಡೆಲ್

ತಾ.ಕ.: ಅಂಚೆಯವಳು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಅಣ್ಣಾ, ಶನಿವಾರ ನನ್ನ ಬಲಗೈ ಸುಟ್ಟಿರಲಿಲ್ಲ. ಮಂಡಿಯೂ ನೋಯುತ್ತಿರಲಿಲ್ಲ. ಎಲ್ಲರಿಗೂ ಸುಳ್ಳು ಹೇಳಿದೆ. ಬಲಗೈಗೆ ಬಟ್ಟೆ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು, ಸ್ಟೂಲ್ ಮೇಲೆ ಕೂತು, ಮೊಳೆಯಿಂದ ಇಳಿಸಿಕೊಂಡ ನಿನ್ನ ಇಕ್ಕಳವನ್ನು ಎಡಗೈಯೊಂದರಲ್ಲೇ ಹಿಡಿದು ಎಲ್ಲವನ್ನೂ ಮಗುಚಿದೆ. ಆಗುತ್ತದೋ ಇಲ್ಲವೋ ನೋಡಬೇಕಿತ್ತು. ಒಟ್ಟು ಮೂವತ್ತಾರು ಹೋಳು. ಮೊದಲ ಹತ್ತರಲ್ಲಿ ಮೂರು ಬಿದ್ದವು, ಆಮೇಲಿನ ಇಪ್ಪತ್ತಾರರಲ್ಲಿ ಒಂದು. ಇಕ್ಕಳವನ್ನು ತುದಿಯಲ್ಲಿ ಹಿಡಿಯಬಾರದು, ನಡುವಿಗೆ ಹಿಡಿಯಬೇಕು. ಹೋಳನ್ನು ಎತ್ತಬಾರದು, ಪಕ್ಕಕ್ಕೆ ಹೊರಳಿಸಬೇಕು. ಹಣ್ಣು ಕತ್ತರಿಸಿ ಕೊಡಲು ನಾನಿದ್ದೇನೆ. ಹೆಸರು ಹೇಳಲು ಬಾಯಿ ಬೇಕು, ಅದಂತೂ ನಿನಗೆ ಮೊದಲಿಗಿಂತ ಜೋರಾಗಿದೆ. ತೋಟದವನು ಕೊನೆಯ ಒಂದು ಬುಟ್ಟಿ ಎತ್ತಿಟ್ಟಿದ್ದಾನೆ. ಬರುವ ಶನಿವಾರ ಬೆಳಗ್ಗೆ ಹತ್ತಕ್ಕೆ ಕಾರ್ಲೀನಳ ಮನೆ ಮುಂದೆ ಇರುತ್ತೇನೆ, ಶೂ ಹಾಕಿಕೊಂಡು ಕೂತಿರು. ಇಕ್ಕಳ ಕಾರಿನಲ್ಲೇ ಇರುತ್ತದೆ, ನಿನ್ನ ಎಡಗೈಗೆ ಸಿಗುವ ಹಾಗೆ.